ಆ ಮಾತ್ರೆಯ ಮೇಲೆ ಅಪವಾದ ಹೊರಿಸುವ ಮುನ್ನ

ಚಿ. ಸೌ. ವೀಣಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಮೂರನೆಯ ಬಾರಿಯೂ ಗರ್ಭ ನಿಲ್ಲಲಿಲ್ಲವೆಂದು ಓದಿ ಸಂಕಟವಾಯಿತು. ಎದೆಯುರಿಗೆ ನುಂಗಿದ ಮಾತ್ರೆಯಿಂದಲೇ ಹೀಗಾಯಿತು, ತಪ್ಪೆಲ್ಲ ನನ್ನದೇ ಎಂದು ನೀನು ಬರೆದದ್ದನ್ನು ಓದಿದಾಗಲಂತೂ ಕೂಡಲೇ ಉತ್ತರಿಸಬೇಕೆನಿಸಿತು. ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ದುಡಿದವಳು ನಾನು. ಮಗು ಕಳೆದುಕೊಂಡ ಹೆಂಗಸು ತಾನು ತಿಂದದ್ದು, ಕುಡಿದದ್ದು, ಎತ್ತಿದ ಭಾರ ಎಲ್ಲವನ್ನೂ ಅನುಮಾನಿಸುವುದನ್ನು ಬಹಳ ಕಂಡಿದ್ದೇನೆ.

ನೀನು ತೆಗೆದುಕೊಳ್ಳುತ್ತಿದ್ದ ಒಮೆಪ್ರಜೋಲ್ ಜಠರದ ಗೋಡೆಯಲ್ಲಿ ಆಮ್ಲ ಸ್ರವಿಸುವ ಜೀವಕೋಶಗಳ ಕೆಲಸವನ್ನು ತಡೆಯುತ್ತದೆ. ಗರ್ಭಕೋಶವನ್ನು ಸಂಕುಚಿಸುವ ಗುಣ ಅದಕ್ಕಿಲ್ಲ. ಈ ವರ್ಗದ ಔಷಧಿಗಳ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು 2009ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಿದರು. ಗರ್ಭಿಣಿಯಾಗಿದ್ದಾಗ ಇವನ್ನು ಸೇವಿಸಿದ ಸುಮಾರು 1,500 ಮಹಿಳೆಯರ ಮಾಹಿತಿ ಅದರಲ್ಲಿತ್ತು. ಗರ್ಭಪಾತ ಹೆಚ್ಚುತ್ತದೆಂಬುದಕ್ಕೆ ಪುರಾವೆ ಸಿಗಲಿಲ್ಲ. ಮರುವರ್ಷ ಡೆನ್ಮಾರ್ಕಿನಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನನಗಳನ್ನು ನೋಡಿದ ಅಧ್ಯಯನದಲ್ಲಿ, ಮೊದಲ ಮೂರು ತಿಂಗಳಲ್ಲಿ ಇವನ್ನು ತೆಗೆದುಕೊಂಡ ತಾಯಂದಿರ ಶಿಶುಗಳಲ್ಲಿ ದೊಡ್ಡ ಅಂಗದೋಷಗಳೂ ಹೆಚ್ಚಾಗಿ ಕಾಣಲಿಲ್ಲ. ಗರ್ಭ ಪದೇ ಪದೇ ಹೋಗಲು ಈ ಮಾತ್ರೆ ಕಾರಣವೆಂದು ಸ್ಥಾಪಿತವಾಗಿಲ್ಲ ವೀಣಾ.

ಹೊಟ್ಟೆಯ ಔಷಧಿಗಳಲ್ಲಿ ನಾನು ನಿಜಕ್ಕೂ ಹೆದರುವುದು ಮಿಸೊಪ್ರೊಸ್ಟಾಲ್‌ಗೆ. ನೋವಿನ ಮಾತ್ರೆಗಳಿಂದ ಜಠರದಲ್ಲಿ ಹುಣ್ಣಾಗದಿರಲೆಂದು ಅದನ್ನು ಕೊಡುತ್ತಾರೆ. ಆದರೆ ಅದು ಗರ್ಭಕೋಶವನ್ನು ಬಲವಾಗಿ ಸಂಕುಚಿಸುತ್ತದೆ. ವಾರ್ಡಿನಲ್ಲಿ ನಾವು ಅದನ್ನು ಬಳಸುತ್ತಿದ್ದುದೇ ಅದಕ್ಕಾಗಿ. ಕೆಲವು ಕೀಲುನೋವಿನ ಮಾತ್ರೆಗಳಲ್ಲಿ ಡೈಕ್ಲೊಫೆನಾಕ್ ಜೊತೆ ಅದು ಸೇರಿರುತ್ತದೆ, ನುಂಗುವವರಿಗೆ ಗೊತ್ತೇ ಇರುವುದಿಲ್ಲ. ನಿನ್ನ ಸ್ಟ್ರಿಪ್‌ಗಳ ಹಿಂಬದಿಯ ಸಣ್ಣ ಅಕ್ಷರಗಳನ್ನು ಇವತ್ತೇ ಓದು.

ನಿನ್ನ ಪತ್ರದಲ್ಲಿ ನೀನು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು. ಬೆಳಿಗ್ಗೆ ಥೈರಾಯ್ಡ್ ಮಾತ್ರೆಯ ಹಿಂದೆಯೇ ಆಂಟಾಸಿಡ್ ಕುಡಿಯುತ್ತೀಯಂತೆ. ಕ್ಯಾಲ್ಸಿಯಂ, ಅಲ್ಯೂಮಿನಿಯಂ ಇರುವ ಆಂಟಾಸಿಡ್‌ಗಳು ಆ ಥೈರಾಯ್ಡ್ ಮಾತ್ರೆಯಲ್ಲಿರುವ ಥೈರಾಕ್ಸಿನ್ ಹಾರ್ಮೋನು ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತವೆ. ಎರಡರ ನಡುವೆ ನಾಲ್ಕು ಗಂಟೆಯಾದರೂ ಅಂತರವಿರಲಿ. ಒಮೆಪ್ರಜೋಲ್‌ನಿಂದ ಆಮ್ಲ ಕಡಿಮೆಯಾದಾಗಲೂ ಥೈರಾಕ್ಸಿನ್ ಹೀರಿಕೆ ಕುಗ್ಗಬಹುದು. ಥೈರಾಯ್ಡ್ ಹತೋಟಿಯಲ್ಲಿಲ್ಲದಿದ್ದರೆ ಗರ್ಭಕ್ಕೆ ತೊಂದರೆಯಾಗುವ ಸಾಧ್ಯತೆ ಹೆಚ್ಚು, ಆದ್ದರಿಂದ ಥೈರಾಯ್ಡ್ ಹತೋಟಿಯಲ್ಲಿದೆಯೇ ಎಂದು ತೋರಿಸುವ ಟಿಎಸ್‌ಎಚ್ ರಕ್ತಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಲೇಬೇಕು. ಇದನ್ನು ಓದಿ ಮತ್ತೆ ನಿನ್ನನ್ನೇ ದೂರಿಕೊಳ್ಳಬೇಡ. ಇದನ್ನು ಹೇಳಬೇಕಾದದ್ದು ಮಾತ್ರೆ ಬರೆದುಕೊಟ್ಟವರ ಕೆಲಸವಾಗಿತ್ತು.

ಉಳಿದ ಹುಡುಕಾಟವನ್ನು ಸರಿಯಾದ ಕಡೆ ನಡೆಸಿ. ಮೊದಲ ತಿಂಗಳುಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಆದ್ದರಿಂದ ಅಳಿಯಂದಿರ ರಕ್ತಪರೀಕ್ಷೆಯೂ ಬೇಕೇ ಎಂದು ವೈದ್ಯರನ್ನು ಕೇಳಿ. ಎಲ್ಲವನ್ನೂ ನಿನ್ನ ದೇಹದಲ್ಲೇ ಹುಡುಕುವುದು ಅನ್ಯಾಯ. ಗರ್ಭಕೋಶದೊಳಗೆ ಅಡ್ಡಪೊರೆ ಇದೆಯೇ ಎಂದು ಸ್ಕ್ಯಾನ್‌ನಲ್ಲಿ ನೋಡಲಿ. ರಕ್ತ ಹೆಪ್ಪುಗಟ್ಟುವುದನ್ನು ಹೆಚ್ಚಿಸಿ ಗರ್ಭಕ್ಕೆ ತೊಂದರೆ ಕೊಡುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳ ಪರೀಕ್ಷೆಯನ್ನಂತೂ ಬಿಡಬೇಡ. ಅವು ಕಂಡುಬಂದರೆ 12 ವಾರಗಳ ನಂತರ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಅದಕ್ಕೆ ಕಡಿಮೆ ಪ್ರಮಾಣದ ಆಸ್ಪಿರಿನ್ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚಿಕಿತ್ಸೆ ಇದೆ, ಅದರಿಂದ ಮಗು ಪಡೆದವರಿದ್ದಾರೆ. ಬಹಳ ದಂಪತಿಗಳಲ್ಲಿ ಯಾವ ಕಾರಣವೂ ಸಿಗುವುದಿಲ್ಲ, ಆದರೂ ಅವರಲ್ಲಿ ಹೆಚ್ಚಿನವರಿಗೆ ಮುಂದೆ ಮಗುವಾಗುತ್ತದೆ.

ಹೆದರಿ ಒಮೆಪ್ರಜೋಲನ್ನು ಒಮ್ಮೆಗೇ ನಿಲ್ಲಿಸಬೇಡ; ಬಹುಕಾಲ ತೆಗೆದುಕೊಂಡವರಿಗೆ ಆಮ್ಲ ಮೊದಲಿಗಿಂತ ಜೋರಾಗಿ ಮರಳಬಹುದು. ಪ್ರಮಾಣ ಇಳಿಸುವುದೋ ಮುಂದುವರಿಸುವುದೋ ವೈದ್ಯರು ಹೇಳಲಿ. ಅವರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಹಳೆಯ ವರದಿಗಳನ್ನೂ ಒಂದೇ ಚೀಲದಲ್ಲಿ ಒಯ್ಯಿ, ಅಳಿಯಂದಿರನ್ನೂ ಕರೆದುಕೊಂಡು ಹೋಗು. ಟಿಎಸ್‌ಎಚ್ ಎಷ್ಟು ಬಂತೆಂದು ನನಗೆ ಬರೆ.

ಇಂತಿ,
ನಿನ್ನ ದೊಡ್ಡಮ್ಮ