ಶಾಲೆ ಗೇಟು ಸಂಜೆ ಹೊತ್ತೂ ತೆಗೆದಿರ್ಲಿ: ಪೋಷಕರಿಗೆ ಒಂದು ಪತ್ರ

ಎಲ್ಲಾ ಪೋಷಕರಿಗೂ ನಮಸ್ಕಾರ,

ಅಪ್ಪ ಅಮ್ಮಂದಿರ ಜೊತೆಗೆ ಮೊಮ್ಮಕ್ಕಳನ್ನ ಸಾಕ್ತಾ ಇರೋ ಅಜ್ಜ ಅಜ್ಜಿಯರನ್ನೂ ಸೇರಿಸ್ಕೊಂಡೇ ಬರೀತಾ ಇದೀನಿ. ಗ್ರೂಪಲ್ಲಿ ಹಾಕ್ತೀನಿ, ಸ್ಮಾರ್ಟ್‌ಫೋನ್ ಇಲ್ಲದ ಮನೆಗೆ ಮಕ್ಕಳ ಕೈಲಿ ಪ್ರಿಂಟ್ ಕಳಿಸ್ತೀನಿ, ಓದಕ್ಕೆ ಬರದೇ ಇರೋ ದೊಡ್ಡೋರಿಗೆ ಮಕ್ಕಳೇ ಗಟ್ಟಿಯಾಗಿ ಓದಿ ಹೇಳ್ಲಿ.

ವಿಷಯ ಏನಂದ್ರೆ, ನಮ್ಮ ಶಾಲೆಗೆ ಸಂಜೆ ಬೀಗ ಬಿತ್ತು ಅಂದ್ರೆ ಮಾರನೇ ದಿನ ಬೆಳಿಗ್ಗೆವರೆಗೂ ಖಾಲಿ. ಭಾನುವಾರ ಪೂರ್ತಿ ಖಾಲಿ, ದಸರಾ ರಜ ಬೇಸಿಗೆ ರಜ ಬಂದ್ರಂತೂ ಕೇಳೋದೇ ಬೇಡ. ಇಷ್ಟು ದೊಡ್ಡ ಅಂಗಳ, ನೀರು, ಕರೆಂಟು, ಶೌಚಾಲಯ, ನಾಲ್ಕು ಜನ ಕೂತು ಮಾತಾಡೋಕೆ ನೆರಳು ಇರೋ ಜಾಗ ನಮ್ಮೂರಲ್ಲಿ ಇನ್ನೊಂದಿಲ್ಲ. ಅದು ದಿನದ ಮುಕ್ಕಾಲು ಪಾಲು ಹೊತ್ತು ಸುಮ್ನೆ ಬಿದ್ದಿರೋದನ್ನ ನೋಡಕ್ಕೆ ನಂಗೆ ಆಗ್ತಿಲ್ಲ. ಇದನ್ನ ಊರೋರೆಲ್ಲ ಬಳಸೋ ಹಾಗೆ ಮಾಡ್ಬೇಕು, ಆದ್ರೆ ಮುಖ್ಯ ಶಿಕ್ಷಕಿ ಅಂತ ನಾನು ಆರ್ಡರ್ ಹಾಕಿ ಮಾಡೋ ಕೆಲ್ಸ ಅಲ್ಲ ಇದು, ನೀವು ಮುಂದೆ ನಿಂತ್ರೆ ಮಾತ್ರ ಆಗೋದು.

ಯೋಚ್ನೆ ಮಾಡಿ ನೋಡಿ, ಓಟು ಹಾಕಕ್ಕೆ ಎಲ್ಲರೂ ಇಲ್ಲಿಗೇ ಬರ್ತೀರ, ಪೋಲಿಯೋ ಹನಿಗೂ ಎಷ್ಟೋ ಊರಲ್ಲಿ ಶಾಲೆನೇ ಬೂತು. 2019ರ ಆಗಸ್ಟಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ತುಂಬಿ ಬಂದಾಗ ಬೆಳಗಾವಿ, ಬಾಗಲಕೋಟೆ ಕಡೆ ಮನೆ ಕಳ್ಕೊಂಡೋರು ಮಕ್ಕಳು ಮರಿ ಕಟ್ಕೊಂಡು ಹೋಗಿ ಮಲಗಿದ್ದು ಸರ್ಕಾರಿ ಶಾಲೆ ರೂಮುಗಳಲ್ಲೇ. ಕಷ್ಟ ಬಂದಾಗ ಎಲ್ಲರದ್ದೂ ಆಗೋ ಶಾಲೆ ಉಳಿದ ದಿನ ಯಾಕೆ ಬರೀ ಮಕ್ಕಳದ್ದು, ಮೇಷ್ಟ್ರದ್ದು ಆಗ್ಬೇಕು?

ಇನ್ನೊಂದು ನೆನಪು ಮಾಡ್ತೀನಿ. 2020ರಲ್ಲಿ ಕೊರೊನಾ ಅಂತ ಶಾಲೆಗಳೆಲ್ಲ ಮುಚ್ಚಿದ್ವಲ್ಲ, ಆಗ ವಿದ್ಯಾಗಮ ಅಂತ ಸರ್ಕಾರ ಶುರು ಮಾಡ್ತು, ಶಿಕ್ಷಕರೇ ಊರೊಳಗೆ ಬಂದು ಜಗಲಿ ಮೇಲೆ, ಅರಳಿಕಟ್ಟೆ ಹತ್ರ, ದೇವಸ್ಥಾನದ ಅಂಗಳದಲ್ಲಿ ಪಾಠ ಮಾಡಿದ್ರು. ಸೋಂಕು ಹೆಚ್ಚಾಯ್ತು ಅಂತ ಅಕ್ಟೋಬರಲ್ಲಿ ನಿಲ್ಸಿದ್ರು, ಅದು ಬೇರೆ ಮಾತು. ಆದ್ರೆ ಆ ಒಂದೆರಡು ತಿಂಗಳು ಈ ರಾಜ್ಯದ ಹಳ್ಳಿ ಜನ ತಮ್ಮನೆ ಜಗಲಿ ಗುಡಿಸಿ, ಚಾಪೆ ಹಾಸಿ, ಮಕ್ಕಳಿಗೆ ಕುಡಿಯೋಕೆ ನೀರಿಟ್ಟು ಕಾದಿದ್ರು. ಇದಕ್ಕೆ ಯಾರೂ ಸುತ್ತೋಲೆ ಕಳಿಸಿರ್ಲಿಲ್ಲ. ಊರು ಶಾಲೆಗೆ ಜಗಲಿ ಕೊಡ್ತು, ಈಗ ಶಾಲೆ ಊರಿಗೆ ತನ್ನ ಜಗಲಿ ಬಿಟ್ಟುಕೊಡೋದು ನ್ಯಾಯ ಅಲ್ವಾ.

ಇನ್ನು ಎಸ್‌ಡಿಎಂಸಿ, ಅಂದ್ರೆ ಶಾಲೆ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ ವಿಷಯ. ತುಂಬ ಜನಕ್ಕೆ ಅದು ಆಗಸ್ಟ್ ಹದಿನೈದಕ್ಕೆ ಸ್ಟೇಜ್ ಮೇಲೆ ಕೂರೋ ಕಮಿಟಿ ಅನ್ನೋ ಭಾವನೆ ಇದೆ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಹೇಳಿದ ಮೇಲೆ 2001ರಲ್ಲಿ ಸರ್ಕಾರ ಆದೇಶ ಮಾಡಿ ಶಾಲೆ ಉಸ್ತುವಾರಿನ ಪೋಷಕರ ಕೈಗೆ ಕೊಡ್ತು, ಅಂದ್ರೆ ದೇಶದ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬರೋಕೆ ಮುಂಚೆನೇ ನಮ್ಮ ರಾಜ್ಯದಲ್ಲಿ ಇದು ಇತ್ತು. ಕಾಯ್ದೆ ಪ್ರಕಾರ ಸಮಿತಿಯಲ್ಲಿ ನೂರಕ್ಕೆ 75ರಷ್ಟು ಪೋಷಕರೇ ಇರ್ಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರ್ಬೇಕು, ಶಾಲೆ ಅಭಿವೃದ್ಧಿ ಯೋಜನೆ ತಯಾರು ಮಾಡೋದೂ ಆ ಸಮಿತಿನೇ. ಕಾಗದದ ಮೇಲೆ ಇಷ್ಟೆಲ್ಲ ಇದ್ರೂ ಮೀಟಿಂಗ್‌ಗೆ ಬರೋ ಅಮ್ಮಂದಿರು ಕಮ್ಮಿ, ಯಾಕಂದ್ರೆ ಮೀಟಿಂಗ್ ಇಡೋದು ಬೆಳಿಗ್ಗೆ ಹನ್ನೊಂದಕ್ಕೆ, ಆಗ ಅವರು ಕೂಲಿಗೆ ಹೋಗಿರ್ತಾರೆ ಇಲ್ಲಾ ಗಾರ್ಮೆಂಟ್ಸ್ ಬಸ್ ಹತ್ತಿರ್ತಾರೆ. ಒಂದು ದಿನದ ಕೂಲಿ ಬಿಟ್ಟು ಬನ್ನಿ ಅಂತ ಯಾವ ಬಾಯಲ್ಲಿ ಕೇಳೋದು? ಅದಕ್ಕೆ ಇನ್ಮೇಲೆ ಮೀಟಿಂಗ್ ಸಂಜೆ, ಡೈರಿಗೆ ಹಾಲು ಹಾಕಿ ಬಂದ ಮೇಲೆ.

ದುಡ್ಡಿನ ಲೆಕ್ಕನೂ ತಿಳ್ಕೊಳ್ಳಿ. ಮೂವತ್ತರ ಮೇಲೆ ನೂರರ ಒಳಗೆ ಮಕ್ಕಳಿರೋ ನಮ್ಮಂಥ ಶಾಲೆಗೆ ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆಲಿ ನಿಗದಿ ಮಾಡಿರೋ ಅನುದಾನ ವರ್ಷಕ್ಕೆ 25 ಸಾವಿರ. ಚಾಕ್‌ಪೀಸು, ಕರೆಂಟ್ ಬಿಲ್ಲು, ಫಿನಾಯಿಲ್, ಮುರಿದ ನಲ್ಲಿ ಎಲ್ಲ ಅದರಲ್ಲೇ. ಬಿಸಿಯೂಟಕ್ಕೆ ಐದನೇ ಕ್ಲಾಸ್‌ವರೆಗೆ ಒಂದು ಮಗುಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, ಆರರಿಂದ ಎಂಟಕ್ಕೆ 150, 30, 75 ಗ್ರಾಂ. ಯಾವ ತಾಯಿ ಬೇಕಾದ್ರೂ ಯಾವತ್ತು ಬೇಕಾದ್ರೂ ಹೇಳ್ದೇ ಕೇಳ್ದೇ ಬಂದು ಅಡುಗೆ ಮನೇಲಿ ತೂಕ ನೋಡ್ಬಹುದು, ಉಂಡು ರುಚಿ ನೋಡ್ಬಹುದು. ನಾನಾಗಲಿ ಅಡುಗೆ ಅಕ್ಕಂದಿರಾಗಲಿ ಅದಕ್ಕೆ ಬೇಜಾರು ಮಾಡ್ಕೊಳ್ಳಲ್ಲ.

ಸಹಾಯ ಅಂದ್ರೆ ಫ್ಯಾನು ಕೊಡ್ಸೋದು, ಪೇಂಟ್ ಹೊಡ್ಸೋದು, ಫ್ಯಾನಿನ ರೆಕ್ಕೆ ಮೇಲೆ ಹೆಸರು ಬರ್ಸೋದು ಅನ್ನೋ ರೂಢಿ ಆಗಿಬಿಟ್ಟಿದೆ. ಕೊಟ್ಟೋರಿಗೆ ನಿಜವಾಗ್ಲೂ ನಮಸ್ಕಾರ, ಆದ್ರೆ ದುಡ್ಡಿಲ್ಲದೋರು ಇದ್ರಿಂದ "ನಮ್ಮದೇನಿದೆ ಅಲ್ಲಿ" ಅಂತ ದೂರ ನಿಂತ್ಕೋತಾರೆ, ಅದು ನಂಗೆ ಸರಿ ಕಾಣಲ್ಲ. ನಿಮ್ಮ ಹತ್ರ ಇರೋ ಕಸುಬು, ನಿಮಗೆ ಗೊತ್ತಿರೋ ವಿಷಯ ಶಾಲೆಗೆ ಬೇಕು. ಒಂದು ಉದಾಹರಣೆ ಹೇಳ್ತೀನಿ. ಹೋದ ಮಳೆಗಾಲದಲ್ಲಿ ನಾಲ್ಕನೇ ಕ್ಲಾಸ್ ಹುಡುಗನ ಅಜ್ಜಿ ಮೊಮ್ಮಗನ್ನ ಕರ್ಕೊಂಡು ಹೋಗಕ್ಕೆ ಬಂದೋರು, ಮಕ್ಕಳು ಕೈತೋಟದಲ್ಲಿ ಕಳೆ ಕೀಳ್ತಾ ಇದ್ದದ್ದು ನೋಡಿ "ಅಯ್ಯೋ ಅದನ್ ಯಾಕ್ರೋ ಕೀಳ್ತೀರ, ಅದು ಅಣ್ಣೆ ಸೊಪ್ಪು ಕಣ್ರೋ" ಅಂತ ಅಲ್ಲೇ ಕುಕ್ಕರಗಾಲಲ್ಲಿ ಕೂತ್ರು. ಇದು ಗಣಿಕೆ, ಇದು ಹೊನಗೊನೆ, ಇದು ಕಿರಕಸಾಲೆ ಅಂತ ಒಂದೊಂದೇ ಎಲೆ ಕಿತ್ತು ಕೈಗೆ ಕೊಟ್ಟು, ಮೂಸಿ ನೋಡಿ ಅಂದ್ರು, ಯಾವುದರ ಎಳೆ ಕುಡಿ ಮಾತ್ರ ಚಿವುಟ್ಬೇಕು ಅಂತ ಬೆರಳಲ್ಲಿ ತೋರಿಸಿದ್ರು. ಮಕ್ಕಳು ಸುತ್ತ ಮುತ್ಕೊಂಡು ಮನೆಗೆ ಹೋಗೋದೇ ಮರ್ತಿದ್ರು. ಮಾರನೇ ದಿನ ಬಿಸಿಯೂಟದ ಸಾಂಬಾರಿಗೆ ಆ ಬೆರಕೆ ಸೊಪ್ಪೇ ಬಿತ್ತು, ಸೊಪ್ಪು ಅಂದ್ರೆ ತಟ್ಟೆ ಅಂಚಿಗೆ ತಳ್ತಿದ್ದ ಮಕ್ಕಳು ಎರಡನೇ ಸಲ ಹಾಕಿಸ್ಕೊಂಡ್ರು. ಆ ಅಜ್ಜಿ ಶಾಲೆ ಮೆಟ್ಟಿಲು ಹತ್ತಿ ಕಲ್ತೋರಲ್ಲ. ಇಂಥೋರು ನಿಮ್ಮ ಮನೆಮನೇಲೂ ಇದಾರೆ, ಬಡಿಗೆ ಕೆಲಸದೋರು, ಮೋಟಾರ್ ವೈಂಡಿಂಗ್ ಗೊತ್ತಿರೋರು, ಟೈಲರಿಂಗ್ ಮಾಡೋರು, ಸೋಬಾನೆ ಪದ ಹೇಳೋರು, ಕೋಲಾಟ ಕಲ್ಸೋರು. ತಿಂಗಳಿಗೆ ಒಂದು ಶನಿವಾರ ಒಂದು ಗಂಟೆ ಬನ್ನಿ ಸಾಕು.

ಸಂಜೆ ಹೊತ್ತು ಏನು ಮಾಡ್ಬಹುದು ಅಂತ ಕೆಲವರು ಕೇಳಿದ್ರು. ಮೊದ್ಲು ಓದೋ ಕೋಣೆ. ಮನೇಲಿ ಟಿವಿ ಗಲಾಟೆ, ಒಂದೇ ರೂಮು, ಅಂಥ ಮಕ್ಕಳು ಏಳರಿಂದ ಎಂಟೂವರೆವರೆಗೆ ಇಲ್ಲಿ ಕೂತು ಓದ್ಲಿ, ಹೈಸ್ಕೂಲು ಪಿಯುಸಿಗೆ ಹೋಗೋ ನಮ್ಮ ಹಳೆ ಮಕ್ಕಳೂ ಬರ್ಲಿ. ಪಂಚಾಯ್ತಿ ಅರಿವು ಕೇಂದ್ರದಲ್ಲಿ, ಅಂದ್ರೆ ಪಂಚಾಯ್ತಿ ಲೈಬ್ರರಿಲಿ, ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಸದಸ್ಯತ್ವ ಫ್ರೀ, 2020ರಲ್ಲಿ ಓದುವ ಬೆಳಕು ಅಂತ ಶುರುವಾದದ್ದು, ಆ ಪುಸ್ತಕಗಳು ವಾರಕ್ಕೊಂದು ಸಲ ಇಲ್ಲಿಗೂ ಬರೋ ಹಾಗೆ ಗ್ರಂಥಪಾಲಕರನ್ನ ಕೇಳೋಣ. ಸ್ತ್ರೀಶಕ್ತಿ ಸಂಘದೋರು ಮನೆ ಪಡಸಾಲೆಲಿ ಇಕ್ಕಟ್ಟಲ್ಲಿ ಕೂರೋ ಬದ್ಲು ಇಲ್ಲೇ ಕೂರ್ಲಿ. ಭಾನುವಾರ ಹುಡುಗೀರಿಗೆ ಅಂತಲೇ ಗ್ರೌಂಡಲ್ಲಿ ಎರಡು ಗಂಟೆ ಖೋಖೋ, ಕಬಡ್ಡಿ. ಕಣ್ಣಿನ ಕ್ಯಾಂಪು, ಬಿಪಿ ಶುಗರ್ ನೋಡೋ ಕ್ಯಾಂಪಿಗೂ ಜಾಗ ಕೊಡೋಣ. ಮದುವೆ ಬೀಗರೂಟ, ಪಾರ್ಟಿ ಮೀಟಿಂಗು ಮಾತ್ರ ಬೇಡ, ಅದರಲ್ಲಿ ನಾನು ಗಟ್ಟಿ.

ಗೇಟು ತೆಗೆದಿಟ್ರೆ ಕುಡುಕರು ಬಂದು ಕೂರ್ತಾರೆ ಮೇಡಂ ಅಂದ್ರು ಒಬ್ರು. ಭಯ ನಿಜಾನೇ, ಆದ್ರೆ ಈಗ ಬೀಗ ಹಾಕಿದ್ರೂ ಕಾಂಪೌಂಡ್ ಹಾರಿ ಬರ್ತಾನೇ ಇದಾರಲ್ಲ. ಸೋಮವಾರ ಪ್ರಾರ್ಥನೆಗೆ ಮುಂಚೆ ನಾವು ಟೀಚರ್‌ಗಳು ಅಂಗಳದಲ್ಲಿ ಬಾಟ್ಲಿ ಚೂರು ಹೆಕ್ಕಬೇಕು, ಬರಿಗಾಲಲ್ಲಿ ಬರೋ ಮಕ್ಕಳಿದಾರೆ. ಖಾಲಿ ಜಾಗಕ್ಕೆ ಅವರು ಬರೋದು. ಲೈಟ್ ಉರೀತಾ ಇದ್ದು, ಮಕ್ಕಳು ಓದ್ತಾ, ನಾಲ್ಕು ಜನ ಅಮ್ಮಂದಿರು ಕೂತಿದ್ರೆ ಯಾರ್ ಬರ್ತಾರೆ ನೋಡೋಣ.

ಒಂದು ಮಾತು ಮನಸ್ಸಲ್ಲಿ ಇಟ್ಕೊಳ್ಳದೇ ಹೇಳ್ಬಿಡ್ತೀನಿ. ಊರಲ್ಲಿ ಸಭೆ ದೇವಸ್ಥಾನದ ಹತ್ರ ಇಟ್ರೆ ಎಲ್ಲಾ ಕೇರಿಯೋರೂ ಒಳಗೆ ಬಂದು ಕೂರಲ್ಲ, ಕೆಲವರು ಆಚೆನೇ ನಿಂತು ಕೇಳಿಸ್ಕೊಂಡು ಹೋಗ್ತಾರೆ, ಇದು ನಮಗೆಲ್ಲ ಗೊತ್ತು. ಶಾಲೆ ಹಾಗಲ್ಲ. ನಿಮ್ಮ ಮಕ್ಕಳು ದಿನಾ ಒಂದೇ ಸಾಲಲ್ಲಿ ಕೂತು ಒಂದೇ ಪಾತ್ರೆ ಅನ್ನ ಉಣ್ತಾರೆ. ದೊಡ್ಡೋರೂ ಹಾಗೇ ಒಟ್ಟಿಗೆ ಕೂರಕ್ಕೆ ನಮ್ಮೂರಲ್ಲಿ ಇರೋ ಜಾಗ ಇದೊಂದೇ, ನಾನು ಇಷ್ಟು ಹಟ ಹಿಡಿದಿರೋದಕ್ಕೆ ದೊಡ್ಡ ಕಾರಣನೂ ಇದೇ.

ಮಕ್ಕಳನ್ನ ವ್ಯಾನ್ ಹತ್ಸಿ ಕಾನ್ವೆಂಟಿಗೆ ಕಳ್ಸೋರೂ ಬನ್ನಿ, ಇದು ನಿಮ್ಮೂರಿನ ಶಾಲೆನೂ ಹೌದು, ನಿಮ್ಮಲ್ಲಿ ಎಷ್ಟೋ ಜನ ಇಲ್ಲೇ ಓದಿದೋರು.

ಬರೋ ಶನಿವಾರ ಸಂಜೆ 7 ಗಂಟೆಗೆ ಶಾಲೆ ಅಂಗಳದಲ್ಲಿ ಸೇರೋಣ. ಚಿಕ್ಕ ಮಕ್ಕಳನ್ನ ಕರ್ಕೊಂಡೇ ಬನ್ನಿ, ಪಕ್ಕದ ರೂಮಲ್ಲಿ ಟೀಚರ್ ಆಟ ಆಡಿಸ್ತಾರೆ, ಟೀ ಇರತ್ತೆ. ಅವತ್ತು ಮೂರು ವಿಷಯ ತೀರ್ಮಾನ ಆಗ್ಬೇಕು: ಗೇಟಿನ ಬೀಗದ ಕೈ ಯಾರ್ಯಾರ ಹತ್ರ ಇರ್ಬೇಕು (ಒಬ್ರಾದ್ರೂ ಹೆಂಗಸರಿರ್ಲಿ), ಓದೋ ಕೋಣೆಲಿ ಯಾವ ದಿನ ಯಾರು ಕೂರ್ತೀರ, ಹೆಚ್ಚಾಗೋ ಕರೆಂಟ್ ಬಿಲ್ ಹೆಂಗೆ ಕಟ್ಟೋದು. ಬಿಲ್ ವಿಷಯಕ್ಕೆ ಪಂಚಾಯ್ತಿ ಸದಸ್ಯರನ್ನೂ ಕರ್ದಿದೀನಿ. ಬರಕ್ಕೆ ಆಗದೇ ಇರೋರು ವಾಯ್ಸ್ ಮೆಸೇಜ್ ಕಳ್ಸಿ, ಸಭೇಲಿ ಎಲ್ಲರಿಗೂ ಕೇಳ್ಸ್ತೀನಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ