ಹೈಫನ್ ಎಲ್ಲಿ ಬೇಕು, ಎಲ್ಲಿ ಬೇಡ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಇಂಗ್ಲಿಷ್ ಕಲಿಕೆಯ ಅಂಕಣದಲ್ಲಿ ಕಳೆದ ವಾರ, ‘ಎರಡು ಪದ ಸೇರಿ ವಿಶೇಷಣವಾದರೆ ನಡುವೆ ಹೈಫನ್ ಹಾಕಬೇಕು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಪ್ರೂಫ್ ತಿದ್ದುತ್ತಲೇ ಕನ್ನಡಕದ ನಂಬರ್ ಏರಿಸಿಕೊಂಡವನು ನಾನು. ನನಗಿದು ಅರ್ಧ ಮಾತು ಎನಿಸಿತು. ಉಳಿದರ್ಧ ಹೇಳದಿದ್ದರೆ ಕಲಿಯುವವರು ಪದಗಳನ್ನು ಜೋಡಿಸುವ ಈ ಕಿರುಗೆರೆಯನ್ನು ಕಂಡಕಂಡಲ್ಲಿ ಎಳೆಯುತ್ತಾರೆ.

ಮೊದಲು ನೋಡಬೇಕಾದದ್ದು ವಿಶೇಷಣ ನಿಂತಿರುವ ಜಾಗ. ನಾಮಪದಕ್ಕಿಂತ ಮೊದಲು ಬಂದರೆ ‘ಎ ವೆಲ್-ನೋನ್ ರೈಟರ್’ ಎಂದು ಗೆರೆ ಬೇಕು. ವಾಕ್ಯದ ಕೊನೆಗೆ ಸರಿದು ‘ದ ರೈಟರ್ ಈಸ್ ವೆಲ್ ನೋನ್’ ಆದರೆ ಸಾಮಾನ್ಯವಾಗಿ ಬೇಡ. ನಿಮ್ಮ ಅಂಕಣದಲ್ಲಿ ಎರಡೂ ಕಡೆ ಗೆರೆ ಬಿದ್ದಿದೆ.

ಕನ್ನಡದಲ್ಲಿ ಸಮಾಸವಾದ ಪದಗಳು ತಾವಾಗಿಯೇ ಅಂಟಿಕೊಳ್ಳುತ್ತವೆ. ಇಂಗ್ಲಿಷಿನವು ಬಿಡಿಬಿಡಿಯಾಗಿ ನಿಲ್ಲುವುದರಿಂದ ಯಾವುದು ಯಾವುದರ ಜೊತೆ ಎಂದು ತೋರಿಸಲು ಗೆರೆ ಬೇಕಾಗುತ್ತದೆ. ಉದಾಹರಣೆಗೆ ಮರಗಳ ಲೆಕ್ಕ ನೋಡಿ. ‘ಟ್ವೆಂಟಿ ಫೈವ್ ಇಯರ್ ಓಲ್ಡ್ ಟ್ರೀಸ್’ ಎಂದಷ್ಟೇ ಬರೆದರೆ ಏನು ಅರ್ಥ? ‘ಟ್ವೆಂಟಿ ಫೈವ್-ಇಯರ್-ಓಲ್ಡ್ ಟ್ರೀಸ್’ ಎಂದರೆ 5 ವರ್ಷದ 20 ಮರಗಳು. ‘ಟ್ವೆಂಟಿ-ಫೈವ್ ಇಯರ್-ಓಲ್ಡ್ ಟ್ರೀಸ್’ ಎಂದರೆ 1 ವರ್ಷದ 25 ಮರಗಳು (ಒಂದು ವರ್ಷದ್ದನ್ನು ಮರ ಎನ್ನಬಹುದೇ ಎಂಬುದು ಬೇರೆ ತಕರಾರು). ಎಲ್ಲ ಕಡೆಯೂ ಗೆರೆ ಹಾಕಿದರೆ 25 ವರ್ಷದ ಮರಗಳು. ಎಷ್ಟು ಮರ ಎಂಬುದನ್ನು ಬೇರೆ ಹೇಳಬೇಕು. ಪದ ಒಂದೂ ಬದಲಾಗಿಲ್ಲ. ಇಂಥ ಕಡೆ ‘ಇಯರ್’ಗೆ ‘ಎಸ್’ ಸೇರುವುದಿಲ್ಲ ಎಂಬುದನ್ನೂ ಅದೇ ಪಾಠದಲ್ಲಿ ಹೇಳಬಹುದಿತ್ತು.

ಇನ್ನು ‘ಲಿ’ಯಲ್ಲಿ ಮುಗಿಯುವ ಕ್ರಿಯಾವಿಶೇಷಣಗಳು. ‘ಹೈಲಿ ಪೇಯ್ಡ್ ಆಫೀಸರ್’ ಎನ್ನುವಲ್ಲಿ ‘ಹೈಲಿ’ ಎಂಬುದು ‘ಪೇಯ್ಡ್’ಗೇ ಸೇರಿದ್ದು, ಆಫೀಸರಿಗೆ ಸೇರಲು ಅದಕ್ಕೆ ದಾರಿಯೇ ಇಲ್ಲ. ಗೊಂದಲವಿಲ್ಲದ ಮೇಲೆ ಗೆರೆ ಏಕೆ? ಆದರೆ ‘ಫ್ರೆಂಡ್ಲಿ’ ‘ಲಿ’ಯಲ್ಲಿ ಮುಗಿದರೂ ವಿಶೇಷಣವೇ. ಹಾಗಾಗಿ ‘ಫ್ರೆಂಡ್ಲಿ-ಲುಕಿಂಗ್ ಡಾಗ್’ಗೆ ಗೆರೆ ಬೇಕು. ಬಾಲ ನೋಡಿ ತೀರ್ಮಾನಿಸುವವರು ಎಡವುವುದು ಇಲ್ಲೇ. ‘ಟು- ಆ್ಯಂಡ್ ತ್ರೀ-ಇಯರ್ ಕೋರ್ಸಸ್’ ಎನ್ನುವಲ್ಲಿ ‘ಟು’ ಪಕ್ಕದ ಒಂಟಿ ಗೆರೆಯೂ ಅಚ್ಚಿನ ತಪ್ಪಲ್ಲ, ಮುಂದಿನ ‘ಇಯರ್’ಗೆ ಕಾದು ನಿಂತಿರುತ್ತದೆ, ಅಳಿಸಬಾರದು.

ಹೈಫನ್ನಿನ ಕಾಲ ಮುಗಿಯಿತು ಎನ್ನುವವರು ಶಾರ್ಟರ್ ಆಕ್ಸ್‌ಫರ್ಡ್ ನಿಘಂಟಿನ 2007ರ ಆವೃತ್ತಿಯನ್ನು ಮುಂದಿಡುತ್ತಾರೆ. ಅದರಲ್ಲಿ ಸುಮಾರು 16,000 ಪದಗಳ ಹೈಫನ್ ಕಿತ್ತದ್ದು ನಿಜ. ಆದರೆ ‘ಐಸ್ ಕ್ರೀಮ್’ ಎರಡು ಪದವಾದದ್ದು, ‘ಬಂಬಲ್‌ಬೀ’ ಒಂದೇ ಪದವಾದದ್ದು ನಾಮಪದಗಳ ಕಥೆ. ಮೇಲಿನ ಮರಗಳ ಲೆಕ್ಕ ಅದರಿಂದ ಬಗೆಹರಿಯುವುದಿಲ್ಲ.

ಅಂಕಣವನ್ನು ಮಕ್ಕಳು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಾರೆ. ಆದ್ದರಿಂದ ತಿದ್ದುಪಡಿಯನ್ನು ಒಳಪುಟದ ಮೂಲೆಗೆ ತಳ್ಳದೆ ಮುಂದಿನ ವಾರ ಅದೇ ಅಂಕಣದಲ್ಲಿ, ಅದೇ ಅಕ್ಷರಗಾತ್ರದಲ್ಲಿ ಪ್ರಕಟಿಸಬೇಕೆಂದು ವಿನಂತಿ.

– ನಿವೃತ್ತ ಪ್ರೂಫ್ ರೀಡರ್