ಹೆಸರು ಕೇಳಲು ಮರೆತ ಆಪ್ತಸಮಾಲೋಚಕಿಯವರಿಗೆ

ಕಳೆದ ಶ್ರಾವಣದಲ್ಲಿ ಬೆಂಗಳೂರಿನ ಸರ್ಕಾರಿ ಹೆರಿಗೆ ಆಸ್ಪತ್ರೆಯೊಂದರಲ್ಲಿ, ಜೊತೆಗೆ ಬಂದಿದ್ದ ನನ್ನ ಅತ್ತೆಯವರನ್ನು ಗೌರವದಿಂದಲೇ ಹೊರಗೆ ಕೂರಿಸಿ, ನನ್ನೊಬ್ಬಳೊಡನೆ ಮುಕ್ಕಾಲು ಗಂಟೆ ಮಾತನಾಡಿದ ಮೇಡಂ, ನಿಮಗೆ ಹೃತ್ಪೂರ್ವಕ ಧನ್ಯವಾದಗಳು. ಬಿ.ಎಡ್. ಮುಗಿಯುವವರೆಗೆ ಮಗು ಬೇಡವೆಂದುಕೊಂಡಿದ್ದರೂ, ಬಸಿರು ತಡೆಯಲು ಗರ್ಭಕೋಶದೊಳಗೆ ಇಡುವ ವಂಕಿ, ಅಂದರೆ ಕಾಪರ್-ಟಿ, ಹಾಕಿಸಿಕೊಂಡವರಿಗೆ ಮುಂದೆ ಬಸಿರೇ ನಿಲ್ಲದೆಂಬ ಮಾತನ್ನು ನಂಬಿ ನಾನು ಹೆದರಿದ್ದೆ. ಅದಕ್ಕೂ ಮೊದಲು ಹೋಗಿದ್ದ ಕಡೆ ‘ಮೊದಲು ಒಂದು ಮಗುವಾಗಲಿ’ ಎಂದಷ್ಟೇ ಹೇಳಿ ಕಳಿಸಿದ್ದರು.

ನೀವು ಕಾಪರ್-ಟಿಯನ್ನು ಅಂಗೈಯಲ್ಲಿಟ್ಟು ತೋರಿಸಿ, ಅದರ ತಾಮ್ರವು ವೀರ್ಯಾಣುಗಳ ಚಲನೆಯನ್ನು ಕುಗ್ಗಿಸುವ ಬಗೆಯನ್ನೂ, ಅದರಲ್ಲಿ 380ಎ ಎಂಬ ಮಾದರಿ 10 ವರ್ಷ, 375 ಎಂಬ ಮಾದರಿ 5 ವರ್ಷ ಕೆಲಸ ಮಾಡುವುದನ್ನೂ, ಬೇಕೆಂದಾಗ ತೆಗೆಸಿದರೆ ಗರ್ಭಧಾರಣೆಯ ಶಕ್ತಿ ಬೇಗನೆ ಮರಳುವುದನ್ನೂ ಬಿಡಿಸಿ ಹೇಳಿದಿರಿ. ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವ ಮತ್ತು ನೋವು ಹೆಚ್ಚಬಹುದೆಂಬುದನ್ನು, ಲೈಂಗಿಕ ಸೋಂಕುಗಳಿಂದ ಇದು ಕಾಪಾಡದೆಂಬುದನ್ನು ಮುಚ್ಚಿಡಲಿಲ್ಲ. ನನಗೆ ನಂಬಿಕೆ ಹುಟ್ಟಿದ್ದು ಅಲ್ಲಿಯೇ. 3 ತಿಂಗಳಿಗೊಮ್ಮೆ ಪಡೆಯುವ ‘ಅಂತರಾ’ ಎಂಬ ಗರ್ಭನಿರೋಧಕ ಚುಚ್ಚುಮದ್ದನ್ನೂ ತೋಳಿನ ಚರ್ಮದಡಿ ಇಡುವ, 3 ವರ್ಷ ಬಸಿರು ತಡೆಯುವ ಕಡ್ಡಿಯನ್ನೂ ವಿವರಿಸಿ, ಚುಚ್ಚುಮದ್ದು ನಿಲ್ಲಿಸಿದ ಮೇಲೆ ಬಸಿರಾಗಲು ಹಲವು ತಿಂಗಳು ತಡವಾಗಬಹುದೆಂದೂ ಎಚ್ಚರಿಸಿದಿರಿ.

‘ಅವಸರವಿಲ್ಲಮ್ಮ, ಯೋಚನೆ ಮಾಡಿ ನೀವೇ ಹೇಳಿ’ ಎಂದಿರಿ. ಮುಂದಿನ ವಾರ ವಂಕಿ ಹಾಕಿಸಿಕೊಳ್ಳಲು ಬಂದಾಗ ನೀವು ರಜೆಯಲ್ಲಿದ್ದುದರಿಂದ, ಅಂದು ಹೇಳಬೇಕಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.